'ಕಾಗ್ನಿಟಿವ್ ಡಿಕ್ಲೈನ್'ಗೆ 'ಮರೆವು' ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ಹಿರಿಯರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಓಡಾಟ, ಶುಗರ್, ಬಿಪಿ, ಇವಕ್ಕೂ ಮೆದುಳಿಗೂ ಏನು ನಂಟು ಅಂತ. ಇಂಗ್ಲಿಷ್ ಪದಗಳಿಗೆ ಸರಿಯಾದ ಕನ್ನಡ ಹುಡುಕುವುದರಲ್ಲೇ ಸಿಕ್ಕಿಕೊಂಡಿದ್ದೇನೆ. ಮೊದಲನೆಯದು 'ಕಾಗ್ನಿಟಿವ್ ಡಿಕ್ಲೈನ್', ಅಂದರೆ ನೆನಪು, ಯೋಚನೆ, ಕೆಲಸ ಹೊಂದಿಸಿಕೊಳ್ಳುವ ಶಕ್ತಿ ಇವೆಲ್ಲ ಕುಗ್ಗುತ್ತಾ ಹೋಗುವುದು.

'ಅರಿವಿನ ಕುಸಿತ' ಅಂತ ಹಾಕೋಣ ಅಂದರೆ, ನಮ್ಮ ಕಡೆ ಅರಿವು ತಪ್ಪಿತು ಅಂದರೆ ಎಚ್ಚರ ತಪ್ಪಿ ಬಿದ್ದರು ಅಂತ. 'ಬುದ್ಧಿಮಾಂದ್ಯ' ಬೇಡವೇ ಬೇಡ, ಅದು ಚಿಕ್ಕಂದಿನಿಂದಲೇ ಇರುವ ಬೇರೆ ಸ್ಥಿತಿ. 'ಅರಳುಮರಳು' ಎಲ್ಲರಿಗೂ ಗೊತ್ತು. ಆದರೆ 'ಅರವತ್ತಕ್ಕೆ ಅರಳುಮರಳು' ಅಂದುಬಿಟ್ಟರೆ, ವಯಸ್ಸಾದ ಮೇಲೆ ಅದು ಬಂದೇ ಬರುತ್ತೆ, ನಡೆದರೆಷ್ಟು ಬಿಟ್ಟರೆಷ್ಟು ಅನ್ನಿಸುತ್ತದೆ.

ಹಾಗಾದರೆ 'ಮರೆವು'? ಇಲ್ಲೇ ನನ್ನ ತಕರಾರು. ಫಿನ್ಲೆಂಡಿನಲ್ಲಿ 'ಫಿಂಗರ್' ಅಂತ ಒಂದು ಅಧ್ಯಯನ ನಡೆಯಿತು. ಫಲಿತಾಂಶ 2015ರಲ್ಲಿ ಬಂತು. 60ರಿಂದ 77 ವಯಸ್ಸಿನ 1,260 ಜನ. ಒಂದು ಗುಂಪಿಗೆ ಎರಡು ವರ್ಷ ವ್ಯಾಯಾಮ, ಊಟದ ಕ್ರಮ, ಮೆದುಳಿಗೆ ಕಸರತ್ತು, ಬಿಪಿ-ತೂಕದ ಮೇಲೆ ನಿಗಾ, ಎಲ್ಲವೂ ಒಟ್ಟಿಗೆ. ಇನ್ನೊಂದು ಗುಂಪಿಗೆ ಮಾಮೂಲಿ ಸಲಹೆ. ಬುದ್ಧಿಯ ಪರೀಕ್ಷೆಗಳ ಒಟ್ಟು ಅಂಕದಲ್ಲಿ ಮೊದಲ ಗುಂಪು ಜಾಸ್ತಿ ಸುಧಾರಿಸಿತು. ಯೋಚನೆಯ ಚುರುಕು, ಕೆಲಸವನ್ನು ಹೊಂದಿಸಿಕೊಂಡು ಮಾಡುವ ಶಕ್ತಿ, ಇವುಗಳಲ್ಲೂ ಮುಂದಿತ್ತು. ನೆನಪಿನ ಅಂಕದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ! ಅಂದ ಮೇಲೆ 'ನಡೆದರೆ ಮರೆವು ಕಮ್ಮಿಯಾಗುತ್ತದೆ' ಅಂತ ಬರೆದರೆ ಈ ಅಧ್ಯಯನದ ಬೆಂಬಲ ಸಿಗದು, ಅಲ್ವಾ? ಸದ್ಯಕ್ಕೆ 'ಬುದ್ಧಿಯ ಚುರುಕು ತಗ್ಗುವುದು' ಅಂತ ಇಟ್ಟುಕೊಂಡಿದ್ದೇನೆ. ಸ್ವಲ್ಪ ಉದ್ದವಾಯಿತು, ಇರಲಿ.

'ಮೆಟಬಾಲಿಕ್ ಹೆಲ್ತ್', ಅಂದರೆ ಉಂಡದ್ದನ್ನು ಮೈ ಶಕ್ತಿಯಾಗಿ ಬಳಸಿಕೊಳ್ಳುವ ಕೆಲಸ ಸರಿಯಾಗಿರುವುದು, ಇನ್ನೊಂದು ತಲೆನೋವು. 'ಚಯಾಪಚಯ' ಅಂದರೆ ಪಚನ, ಅಜೀರ್ಣ ಅಂತ ತಿಳಿಯುವವರೇ ಹೆಚ್ಚು. ಪದವನ್ನೇ ಬಿಟ್ಟು ಸೊಂಟದ ಸುತ್ತಳತೆ, ಬಿಪಿ, ಶುಗರ್, ರಕ್ತದ ಕೊಬ್ಬು ಅಂತ ಬಿಡಿಸಿ ಬರೆದೆ. ನಮ್ಮವರಿಗೆ ಸೊಂಟದ ಗಡಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಇದು ಯಾರಿಗೂ ಅರ್ಥವಾಗುತ್ತದೆ.

'ಫಿಸಿಕಲ್ ಆಕ್ಟಿವಿಟಿ'ಗೆ 'ವ್ಯಾಯಾಮ' ಸಾಲದು. ಕಳೆ ಕೀಳುವ ಅಜ್ಜಿಯನ್ನು ಕೇಳಿ ನೋಡಿ, 'ನಂಗ್ಯಾಕಪ್ಪಾ ವ್ಯಾಯಾಮ' ಅಂತಾರೆ. ಅವರ ಕೆಲಸವೂ ಲೆಕ್ಕಕ್ಕೆ ಬರಬೇಕು. 'ಮೈಗೆಲಸ' ಅನ್ನಬಹುದೇ? ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ 'ಮಾಡರೇಟ್' ಚಟುವಟಿಕೆ ಅನ್ನುತ್ತದೆ. 'ಮಧ್ಯಮ' ಅಂತ ಬರೆದರೆ ಎಷ್ಟು ಅಂತ ಗೊತ್ತಾಗದು. ನಾನು 'ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು' ಅಂತ ಬರೆದಿದ್ದೇನೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮೆದುಳಿನ ಆರೋಗ್ಯದ ಬಗ್ಗೆ ದೊಡ್ಡ ಅಧ್ಯಯನವೊಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ಕೆಲಸ ಅದು. ಆ ಕಡೆಯವರು ಯಾರಾದರೂ ಇಲ್ಲಿದ್ದೀರಾ? ಮನೆಮನೆಗೆ ಬರುವವರು ಇದನ್ನೆಲ್ಲ ಕನ್ನಡದಲ್ಲಿ, ತೆಲುಗಿನಲ್ಲಿ ಹೇಗೆ ಕೇಳುತ್ತಾರೆ, ತಿಳಿಸುತ್ತೀರಾ?