ಅಪ್‌ಡೇಟ್: ತಾಗಿಯಾಗೆ ಹೋಗಿ ಬಂದೆವು

ಮೊರಾಕೊದ ಹೈ ಅಟ್ಲಾಸ್‌ನಲ್ಲಿರುವ ತಾಗಿಯಾ ಕಣಿವೆಯಲ್ಲಿ ಯಾರೂ ಹತ್ತದ ಬಂಡೆಗೋಡೆ ಹುಡುಕಬೇಕು, ಬಾದಾಮಿಯ ಬಂಡೆ ಹತ್ತಿದ ಅನುಭವ ಸಾಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಸಾಕಾಗಲ್ಲ ಅಂದವರ ಮಾತೇ ನಿಜವಾಯಿತು.

ಜಾವಿಯಾ ಅಹನ್ಸಾಲ್ ಎಂಬ ಹಳ್ಳಿಯಿಂದ ಸಾಮಾನು ಹೇಸರಗತ್ತೆ ಮೇಲೆ, ನಾವು ನಡೆದೇ ಹೋದೆವು. ತಾಗಿಯಾ ಊರು ಸುಮಾರು 1,900 ಮೀಟರ್ ಎತ್ತರದಲ್ಲಿದೆ. ಸುತ್ತಲಿನ ದೊಡ್ಡ ಗೋಡೆಗಳು 700-800 ಮೀಟರ್. ಕತ್ತು ಎತ್ತಿ ನೋಡಿದಾಗ ಮಾತೇ ಹೊರಡಲಿಲ್ಲ.

ಬಾದಾಮಿಯದು ಮರಳುಗಲ್ಲು. ಇಲ್ಲಿನದು ಸುಣ್ಣಕಲ್ಲು, ಮಳೆನೀರು ಕಲ್ಲನ್ನೇ ಕರಗಿಸಿ ತೂತು, ಗೀರು ಮಾಡಿದೆ. ಅಂಚುಗಳು ಬ್ಲೇಡಿನಂತಿವೆ. ಎರಡನೇ ದಿನವೇ ಹಗ್ಗದ ಹೊದಿಕೆ ಹರಿದು ಒಳಗಿನ ಬಿಳಿ ಎಳೆ ಕಾಣಿಸಿತು. ಇನ್ನೊಂದು ಹಗ್ಗ ಒಯ್ಯಿರಿ ಅಂದಿದ್ದವರಿಗೆ ಕೈ ಮುಗಿಯುತ್ತೇನೆ.

ಯಾರೂ ಹತ್ತದ ಹೊಸ ದಾರಿಗೆ ಪಕ್ಕದ ಕೊರಕಲಿನ ಸಣ್ಣ ಗೋಡೆ ಆರಿಸಿದೆವು. ಕೈಯಲ್ಲಿ ಹಿಡಿಯುವ ಪ್ರತಿ ಕಲ್ಲನ್ನೂ ಅಂಗೈಯಿಂದ ತಟ್ಟಿ ನೋಡುತ್ತಿದ್ದೆ. ಗಟ್ಟಿ ಸದ್ದು ಬಂದರೆ ಹಿಡಿ, ಪೊಳ್ಳು ಸದ್ದು ಬಂದರೆ ಬಿಡು. ಮೂರನೇ ಪಿಚ್‌ನಲ್ಲಿ (ಒಂದು ಸಲ ಹಗ್ಗ ಹಿಡಿದು ಹತ್ತುವಷ್ಟು ದೂರ ಒಂದು ಪಿಚ್) ಎಲ್ಲಿ ತಟ್ಟಿದರೂ ಪೊಳ್ಳು. ಬಿಲೇ ಮಾಡುತ್ತಿದ್ದ, ಅಂದರೆ ನಾನು ಬಿದ್ದರೆ ತಡೆಯಲು ಹಗ್ಗ ಹಿಡಿದಿದ್ದ ಗೆಳೆಯ ನೇರ ನನ್ನ ಕೆಳಗೇ ಇದ್ದ, ಕಲ್ಲು ಕಿತ್ತು ಬಂದರೆ ಅವನ ಮೇಲೇ. ಹಗ್ಗ ಸಿಕ್ಕಿಸಲು ಬೋಲ್ಟ್ (ಕಲ್ಲಿಗೆ ತೂತು ಕೊರೆದು ಕೂರಿಸುವ ಲೋಹದ ಮೊಳೆ) ಹೊಡೆದರೂ ಅಂಥ ಕಲ್ಲಿನಲ್ಲಿ ಅದು ನಿಲ್ಲಬೇಕಲ್ವಾ? ಇಳಿದುಬಿಟ್ಟೆವು. ಬೇಜಾರಾಯಿತು, ಆದರೆ ಸರಿಯಾದ ತೀರ್ಮಾನ.

ನನಗೆ ಜಾಸ್ತಿ ಹಿಡಿಸಿದ್ದು ಬೆರ್ಬರ್ ಜನರ ಹಳೆಯ ಕಾಲುದಾರಿಗಳು. ಕಡಿದಾದ ಬಂಡೆಯ ಸಂದಿಗೆ ಮರದ ಕೊಂಬೆ ಸಿಕ್ಕಿಸಿ, ಮೇಲೆ ಕಲ್ಲು ಪೇರಿಸಿ ಮೆಟ್ಟಿಲು ಮಾಡಿದ್ದಾರೆ. ನಾವು ಹಗ್ಗ ತೆಗೆಯುವಷ್ಟರಲ್ಲಿ ಮೇಕೆ ಕಾಯುವ ಹುಡುಗನೊಬ್ಬ ಸುಮ್ನೆ ದಾಟಿ ಹೋದ.

ಮೊದಲೆರಡು ಪಿಚ್‌ಗಳ ನಕ್ಷೆ ಬರೆದಿಟ್ಟಿದ್ದೇನೆ, ಬೇಕಾದವರು ಕೇಳಿ.