ತೋಟದ ಮೋಟರ್ ಎರಡನೇ ಸಲ ಸುಟ್ಟಿತು, ಎಂತ ಹಾಕಿಸೋದು? ಅನುಭವ ಇದ್ದವರು ಹೇಳಿ

ಹೊಳೆಬದಿ ತೋಟ, ಶಿರಸಿ: ಅಡಿಕೆ ತೋಟಕ್ಕೆ ನೀರೆತ್ತುವ 5 ಎಚ್‌ಪಿ ಮೋಟರು, ಸ್ಟಾರ್ ಕನೆಕ್ಷನ್ (ಮೂರು ಸುತ್ತಿನ ಒಂದೊಂದು ತುದಿ ಒಂದೇ ಕಡೆ ಸೇರಿದ್ದು). ಒಂದೇ ಬೇಸಿಗೆಯಲ್ಲಿ ಎರಡು ಸಲ ಸುಟ್ಟಿತು. ಎರಡು ಸಲವೂ ಹಿಂದಿನ ಸಂಜೆ ಗಾಳಿಮಳೆ. ಬಿಚ್ಚಿದರೆ ಒಂದು ಫೇಸಿನ ಸುತ್ತು ಮಾತ್ರ ಕರಿ, ಉಳಿದೆರಡು ಹೊಸದರ ಹಾಗೇ ಇದೆ. ನಮ್ಮನೆ, ಆಚೆಮನೆ ಬಲ್ಬು ನಿನ್ನೆಯಿಂದ ಮಂಕು, ಕೆಳಗಿನಮನೆಯದ್ದು ಸರಿ ಉರೀತದೆ. ಸ್ಟಾರ್ಟರಲ್ಲಿ ಹಳೇ ಓವರ್‌ಲೋಡ್ ರಿಲೇ (ಕರೆಂಟ್ ಹೆಚ್ಚಾದ್ರೆ ಮೋಟರ್ ನಿಲ್ಲಿಸುವಂಥದ್ದು) ಇದೆ. ಒಂದು ಫೇಸ್ ಹೋದ್ರೆ ಮೋಟರ್ ನಿಲ್ಲಿಸುವ ಪ್ರಿವೆಂಟರ್ ಹಾಕಿಸಲೋ?

ಸಿಗಡಿ ಹೊಂಡ, ಕುಮಟಾ: ಪ್ರಿವೆಂಟರ್ ಅಂದ್ರೆ ನನಗೆ ಈಗಲೂ ಹೊಟ್ಟೆ ಉರೀತದೆ. ವೋಲ್ಟೇಜ್ ನೋಡಿ ಬೀಳುವಂಥದ್ದು, 1,150 ರೂಪಾಯಿ ಕೊಟ್ಟು ಹಾಕಿಸಿದ್ದೆ. ರಾತ್ರಿ ಎರಡು ಗಂಟೆಗೆ ಒಂದು ಫೇಸ್ ಹೋಯ್ತು. ಹೊಂಡದ ನೀರಿಗೆ ಗಾಳಿ ಸೇರಿಸುವ ಚಕ್ರದ ಮೋಟರುಗಳು ಓಡ್ತಾನೇ ಇದ್ದವು, ಪ್ರಿವೆಂಟರಿನ ಹಸಿರು ದೀಪವೂ ಉರೀತಾನೇ ಇತ್ತು! ಆಮೇಲೆ ಗೊತ್ತಾಯ್ತು, ಓಡುವ ಮೋಟರು ಹೋದ ಫೇಸಿಗೆ ತಾನೇ ವೋಲ್ಟೇಜ್ ಹುಟ್ಟಿಸಿ ಕೊಡ್ತದಂತೆ. ಪೆಟ್ಟಿಗೆಗೆ ಎಲ್ಲ ಸರಿ ಇದ್ದ ಹಾಗೇ ಕಾಣ್ತದೆ. ಮೂರು ಮೋಟರ್, ತಲಾ 2,800 ರಿವೈಂಡಿಂಗ್, ಬೇರಿಂಗ್ ಬೇರೆ 640, ಟೆಂಪೋ ಬಾಡಿಗೆ 900. ಅದೆಲ್ಲ ಬಿಡಿ, 80 ದಿನ ಸಾಕಿದ ಸಿಗಡಿ ಬೆಳಗಾಗೋದ್ರೊಳಗೆ ಬಿಳಿಚಿ ತೇಲಿತ್ತು. ಈಗ ಕರೆಂಟ್ ಅಳೆಯುವ ಪ್ರಿವೆಂಟರ್ ಹಾಕಿದೇನೆ, 4,600. ಅದನ್ನೇ ತಗೊಳ್ಳಿ.

ರಿವೈಂಡಿಂಗ್ ಅಂಗಡಿ, ಅಂಕೋಲಾ: 22 ವರ್ಷದಿಂದ ಸುಟ್ಟ ತಂತಿ ಬಿಚ್ತಾ ಇದೇನೆ. ಪೆಟ್ಟಿಗೆ ಮಾರುವವರ ಮಾತು ಕೇಳಬೇಡಿ. 5 ಎಚ್‌ಪಿಗೆ ಏಳೂವರೆ ಆಂಪಿಯರ್, ಅಷ್ಟಕ್ಕೆ ರಿಲೇ ಇಟ್ಟರೆ ಸಾಕು. ನಮ್ಮ ರೈತರು ಪದೇಪದೇ ಬೀಳ್ತದೆ ಅಂತ ಅದನ್ನು 13ಕ್ಕೆ ತಿರುಗಿಸಿ, ಆಮೇಲೆ ಮೋಟರನ್ನು ಹೊತ್ತುಕೊಂಡು ನನ್ನ ಅಂಗಡಿಗೆ ಬರ್ತಾರೆ. ಇನ್ನು ಸ್ಟಾರ್ ಮೋಟರಲ್ಲಿ ಫೇಸ್ ಹೋದ್ರೆ ಎರಡು ಸುತ್ತು ಕರಿಯಾಗ್ತದೆ. ಒಂದೇ ಕರಿಯಾದ್ರೆ ಅದು ಡೆಲ್ಟಾ, ಅಂದ್ರೆ ಸುತ್ತುಗಳನ್ನು ತ್ರಿಕೋನದ ಹಾಗೆ ಜೋಡಿಸಿದ್ದು. ಮೊದಲು ನಿಮ್ಮ ಮೋಟರ್ ಯಾವುದು ಅಂತ ನೋಡ್ಕೊಳ್ಳಿ.

ಐಸ್ ಪ್ಲಾಂಟ್, ಕಾರವಾರ: "ಓವರ್‌ಲೋಡ್ ಸಾಕು" ಅಂದವರ ಮಾತು ಕೇಳಿಯೇ ನಾನು 38,000 ಕಳಕೊಂಡಿದ್ದು. ಸಮುದ್ರದ ಗಾಳಿಗೆ ಇಲ್ಲಿ ಕಂಬದಲ್ಲಿ ತಂತಿ ಹಿಡಿಯುವ ಪಿಂಗಾಣಿ ಮೇಲೆ ಉಪ್ಪು ಕೂರ್ತದೆ. ಮೊದಲ ತುಂತುರು ಬಿತ್ತೋ, ಕರೆಂಟ್ ಚಟಚಟ ಅಂತ ಕಂಬಕ್ಕೆ ಹಾರ್ತದೆ, 11 ಕೆವಿಯ ಒಂದು ಫ್ಯೂಸ್ ಹೋಗ್ತದೆ. ಟೀಸಿಯ, ಅಂದ್ರೆ ಟ್ರಾನ್ಸ್‌ಫಾರ್ಮರಿನ, 11 ಕೆವಿ ಬರುವ ಎಚ್‌ಟಿ ಬದಿ ಡೆಲ್ಟಾ, ನಮಗೆ ಕರೆಂಟ್ ಕೊಡುವ ಎಲ್‌ಟಿ ಬದಿ ಸ್ಟಾರ್. ಮೇಲೆ ಒಂದು ಹೋದ್ರೆ ಕೆಳಗೆ ಒಂದು ಲೈನಿನಲ್ಲಿ ಉಳಿದೆರಡರ ಡಬಲ್ ಕರೆಂಟ್. ನನ್ನ ಹಳೇ ಸ್ಟಾರ್ಟರಲ್ಲಿ ರಿಲೇ ಇದ್ದದ್ದು ಎರಡೇ ಫೇಸಿಗೆ, ಡಬಲ್ ಹರಿದದ್ದು ರಿಲೇ ಇಲ್ಲದ ಮೂರನೇದರಲ್ಲಿ! ಕಂಪ್ರೆಸರ್ ಸುಟ್ಟು, ಬೈತ್‌ಕೋಲಿನಲ್ಲಿ ದೋಣಿಗಳು ಐಸಿಲ್ಲದೆ ಕಾದು, ಬೈಗುಳ ಬೇರೆ. ಹೀಗಾದಾಗ ಸ್ಟಾರ್ ಮೋಟರಲ್ಲೂ ಒಂದೇ ಸುತ್ತು ಕರಿಯಾಗ್ತದೆ ಅಂಕೋಲದವರೇ, 22 ವರ್ಷದಲ್ಲಿ ಗಮನಿಸಲಿಲ್ಲವೋ?

ರಿವೈಂಡಿಂಗ್ ಅಂಗಡಿ, ಅಂಕೋಲಾ: ಎರಡೇ ರಿಲೇಯ ಸ್ಟಾರ್ಟರ್ ಇಟ್ಟುಕೊಂಡು 40 ಎಚ್‌ಪಿ ಓಡಿಸಿದ್ದು ಯಾರ ತಪ್ಪು? ಸ್ಟಾರ್ಟರಿಗೆ ಜಿಪುಣತನ, ಬೈಗುಳಕ್ಕೆ ಮಾತ್ರ ಧಾರಾಳ.

ಇಂಜಿನಿಯರಿಂಗ್ ಓದುವವ, ಕಾರವಾರ: ಇದು ಅನ್‌ಬ್ಯಾಲೆನ್ಸ್ಡ್ ಫಾಲ್ಟ್, ಅಂದ್ರೆ ಮೂರು ಫೇಸೂ ಸಮ ಇಲ್ಲದ ದೋಷ. 1918ರಲ್ಲಿ ಫೋರ್ಟೆಸ್ಕ್ಯೂ ಎಂಬ ಇಂಜಿನಿಯರ್ ತೋರಿಸಿದ ಲೆಕ್ಕ: ಸರಿದೂಗದ ಮೂರು ಫೇಸನ್ನು ಮೂರು ಭಾಗವಾಗಿ ಬಿಡಿಸಬಹುದು. ಅದರಲ್ಲಿ ನೆಗೆಟಿವ್ ಸೀಕ್ವೆನ್ಸ್ ಎಂಬ ಭಾಗ ಮೋಟರನ್ನು ಹಿಂದಕ್ಕೆ ತಿರುಗಿಸಲು ನೋಡ್ತದೆ. ಮುಂದಕ್ಕೆ ಓಡುವ ರೋಟರಿಗೆ (ಮೋಟರಿನ ತಿರುಗುವ ಭಾಗ) ಅದು 100 ಹರ್ಟ್ಸ್ ಹತ್ತಿರ, ಅಂದ್ರೆ ಲೈನಿನ ಎರಡು ಪಟ್ಟು ಕಾಣ್ತದೆ, ಅದಕ್ಕೇ ಅಷ್ಟು ಬಿಸಿ. ವೋಲ್ಟೇಜ್ 3.5 ಶೇಕಡಾ ಏರುಪೇರಾದ್ರೂ ಬಿಸಿ ಸುಮಾರು 25 ಶೇಕಡಾ ಏರ್ತದೆ.

ಕಂಡೆನ್ಸರ್, ಸಿದ್ದಾಪುರ: ಫೋರ್ಟೆಸ್ಕ್ಯೂ ಬಂದು ತಂತಿ ಮೇಲಿನ ಅಡಿಕೆ ಸೋಗೆ ತೆಗೀತಾನಾ ತಮಾ? ನಾನು ಕಂಡೆನ್ಸರ್ (ಕೆಪ್ಯಾಸಿಟರ್) ಹಾಕಿ ಮೂರು ಫೇಸಿನ ಮೋಟರನ್ನು ಎರಡೇ ಫೇಸಿನಲ್ಲಿ ಆರು ವರ್ಷದಿಂದ ಓಡಿಸ್ತಿದೇನೆ. ಒಂದು ಸಲ ಮಾತ್ರ ಸುಟ್ಟಿತು. ಅಲ್ಲ, ಎರಡು ಸಲ, ಮೊದಲನೇದು ಇಲಿ ಕಡಿದದ್ದು. ನಮ್ಮಲ್ಲಿ ನಿಜವಾಗಿ ನಷ್ಟ ಆದದ್ದು ಕಂಬದ ನ್ಯೂಟ್ರಲ್ ಕಡಿದ ದಿನ: ಟೀವಿ, ಫ್ರಿಜ್ಜು, ಮೊಮ್ಮಗಳ ಚಾರ್ಜರ್.

ನಿವೃತ್ತ ಲೈನ್‌ಮನ್, ಯಲ್ಲಾಪುರ: ಕಂಡೆನ್ಸರ್ ರಾಯರೇ, ನಿಮ್ಮಂಥ ಹತ್ತು ಜನ ಎರಡೇ ಫೇಸಿಂದ ಎಳೆದ್ರೆ ಊರಿನ ಟೀಸಿಗೇ ಏರುಪೇರು, ಪಕ್ಕದವರ ಮೋಟರಿಗೂ ಪೆಟ್ಟು. ಇನ್ನೊಂದು ಮಾತು. ಲೈನಿನಲ್ಲಿ ಬರುವ ಫಾಲ್ಟು ಹತ್ತರಲ್ಲಿ ಏಳೆಂಟು ಒಂದೇ ತಂತಿ ಭೂಮಿಗೆ ತಾಗಿದ್ದು. ನಮ್ಮ ಕಡೆ ತಾಗಿಸೋದು ಸೋಗೆ, ಬಿದಿರು, ಹಲಸಿನ ಗೆಲ್ಲು. ಕಡಿಯೋಕೆ ಹೋದ್ರೆ "ಮರಕ್ಕೆ ಕೈ ಹಾಕಬೇಡ" ಅಂತ ಕತ್ತಿ ತೋರಿಸಿದವರನ್ನೂ ಕಂಡಿದೇನೆ. ಕತ್ತಲಾದ್ಮೇಲೆ ಅವರೇ ಫೋನ್ ಮಾಡಿ ಬಯ್ಯೋದು.

ಸಿಗಡಿ ಹೊಂಡ, ಕುಮಟಾ: ನನ್ನ ಹೊಂಡದಲ್ಲಿ ಹಲಸಿನ ಮರ ಇಲ್ಲ ಸ್ವಾಮಿ. ಕೈಗಾ ಅಣುಸ್ಥಾವರದ ಒಂದನೇ ಘಟಕ 2018ರಲ್ಲಿ 962 ದಿನ ನಿಲ್ಲದೆ ಓಡಿ ದಾಖಲೆ ಮಾಡಿತು. ಅದೇ ಜಿಲ್ಲೆಯಲ್ಲಿ ನನ್ನ ಮೋಟರು ಒಂಬತ್ತು ದಿನ ಓಡಿದ್ರೆ ನಾನು ಕಾಯಿ ಒಡೀತೇನೆ.

ಹೊಳೆಬದಿ ತೋಟ, ಶಿರಸಿ: ಮಾರಾಯ್ರೆ, ನನ್ನ ಪ್ರಶ್ನೆ ಅಲ್ಲೇ ಉಳೀತು. ಮೋಟರ್ ಸ್ಟಾರೇ, ನಾಮಫಲಕ ನೋಡಿದೆ.

ಐಸ್ ಪ್ಲಾಂಟ್, ಕಾರವಾರ: ಮೀಟರ್ ಹಿಡಿದು ಒಂದೊಂದು ಫೇಸಿಂದ ನ್ಯೂಟ್ರಲಿಗೆ ವೋಲ್ಟೇಜ್ ಅಳೆಯಿರಿ. ಒಂದು 230, ಉಳಿದೆರಡು ಅರ್ಧ ಬಂದು, ಆ ಎರಡರ ನಡುವೆ ಸೊನ್ನೆ ಹತ್ತಿರ ಇದ್ರೆ ಮೇಲಿನ ಫ್ಯೂಸೇ.

ಹೊಳೆಬದಿ ತೋಟ, ಶಿರಸಿ: 226, 115, 109. ಮಂಕು ಫೇಸುಗಳ ನಡುವೆ 7. ಟೀಸಿ ನಮ್ಮ ತೋಟದ ಮೂಲೆಯಲ್ಲೇ ಇದೆ. ನೋಡಿ ಬಂದೆ, ನಡುವಿನ ಫ್ಯೂಸ್ ಜೋತಾಡ್ತಿದೆ.

ನಿವೃತ್ತ ಲೈನ್‌ಮನ್, ಯಲ್ಲಾಪುರ: ದೋಟಿ ಹಿಡಕೊಂಡು ನೀವೇ ಹಾಕೋಕೆ ಹೋಗಬೇಡಿ, ಅದು 11 ಕೆವಿ. ದೂರು ಬರೆಸಿ. ಮೂರೂ ಫೇಸಿಗೆ ರಿಲೇ, ಕರೆಂಟ್ ಅಳೆಯುವ ಪ್ರಿವೆಂಟರ್, ಎರಡೂ ಬೇಕು. ಟೀಸಿ ಮೇಲೆ ಬಾಗಿದ ಮರ ಯಾವುದು?

ಹೊಳೆಬದಿ ತೋಟ, ಶಿರಸಿ: ಹಲಸು. ಆಚೆಮನೆಯವರದ್ದು.

ಕಂಡೆನ್ಸರ್, ಸಿದ್ದಾಪುರ: ಕಾಯಿ ಬಿಟ್ಟ ಹಲಸು ಯಾರಾದ್ರೂ ಈಗ ಕಡೀತಾರಾ? ಆ ಲೈನ್‌ಮನ್ ಮಾತು ಕೇಳಬೇಡಿ.