ಕಾಳಜಿ ಕೇಂದ್ರದಲ್ಲಿರುವ ಮಕ್ಕಳಿಗೆ ಯಾವ ಆಟ ಆಡಿಸೋದು?

ಹೊಳೆದಂಡೆ:
ಕೃಷ್ಣಾ ತೀರದ ಊರು ನಮ್ಮದು. ನೀರು ಬಂದು ಪ್ರೌಢಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದಿದ್ದಾರೆ. 4ರಿಂದ 14 ವರ್ಷದ ಸುಮಾರು 40 ಮಕ್ಕಳಿದ್ದಾರೆ. ಮೈದಾನವೆಲ್ಲ ಕೆಸರು, ಸಿಗೋದು ಒಂದು ವರಾಂಡ, ಒಂದು ಕೋಣೆ. ಸಾಮಾನು ತರೋಕೆ ರೊಕ್ಕ ಇಲ್ಲ. ಸಣ್ಣ ಮಕ್ಕಳು ಬೆಂಚಿನ ಕೆಳಗೆ ಸೇರ್ಕೊಂಡು "ನೀರು ಬಂತು, ಓಡ್ರಿ" ಅಂತ ಅದೇ ಆಟ ಮತ್ತೆ ಮತ್ತೆ ಆಡ್ತಾರೆ. ಬಿಡಿಸಬೇಕಾ? ಹಿರಿಯರು ಬೇರೆ "ಮನೀ ಮುಳುಗೈತಿ, ಈಗ ಎಂಥಾ ಆಟ" ಅಂತ ಬೈತಾರೆ.

ಅಂಗಳದಾಟ:
ನೀರಿನ ಆಟ ಬಿಡಿಸಬೇಡಿ. ಹೊಳೆ ಬಂದಾಗ ಮಗುವಿನ ಕೈಯಲ್ಲಿ ಏನೂ ಇರಲಿಲ್ಲ. ಆಟದಲ್ಲಿ ನೀರು ಯಾವಾಗ ಬರಬೇಕು, ಯಾವಾಗ ನಿಲ್ಲಬೇಕು ಅನ್ನೋದು ಅದರ ಕೈಯಲ್ಲೇ ಇದೆ. ಹತ್ತಿರ ಕೂತು ನೋಡ್ತಾ ಇರಿ. ದಿನಕ್ಕೊಂದು ಬದಲಾವಣೆ ಬರ್ತಿದ್ರೆ, ಒಂದಿನ ದೋಣಿ, ಇನ್ನೊಂದಿನ ಎಮ್ಮೆ ಹಿಡಿದುಕೊಂಡು ಬರೋದು, ಹೀಗೆ ನಡೀತಿದ್ರೆ ಚಿಂತೆ ಇಲ್ಲ. ಒಂಚೂರೂ ಬದಲಾಗದೆ ಅದೇ ಕಡೆ ಮುಗಿದು, ಮುಗಿದ ಮೇಲೂ ಮಗು ಬಿಗಿಯಾಗೇ ಇದ್ರೆ ಸಣ್ಣದೊಂದು ಪ್ರಶ್ನೆ ಹಾಕಿ: "ದೋಣಿ ಎಲ್ಲಿಂದ ಬರ್ತದೆ?" ಅಷ್ಟೇ. ಕಥೆ ನೀವು ತಿದ್ದೋಕೆ ಹೋಗಬೇಡಿ. ಎಲ್ಲರನ್ನೂ ಸಾಲಾಗಿ ಕೂರಿಸಿ "ಏನೇನು ನೋಡಿದ್ರಿ, ಹೇಳಿ" ಅಂತ ಕೇಳೋದಂತೂ ಬೇಡವೇ ಬೇಡ.

ಆಟಕ್ಕಿಂತ ಮೊದಲು ಹೊತ್ತು ಗೊತ್ತು ಮಾಡಿ. ಬೆಳಗ್ಗೆ ತಿಂಡಿ ಆದ ಮೇಲೆ 10ರಿಂದ 11.30, ಸಂಜೆ 4ರಿಂದ 5.30, ಅದೇ ಜಾಗ, ಅದೇ ದೊಡ್ಡವರು. ಊರಿಗೆ ಯಾವತ್ತು ಹೋಗ್ತೀವಿ ಅಂತ ಅಲ್ಲಿ ಯಾರಿಗೂ ಗೊತ್ತಿರಲ್ಲ, ನಾಲ್ಕು ಗಂಟೆಗೆ ಆಟ ಇದೆ ಅನ್ನೋದಾದ್ರೂ ಮಗುವಿಗೆ ಗೊತ್ತಿರಲಿ. ಒಂದಿನ ಆಗಲ್ಲ ಅಂದ್ರೆ ಹಿಂದಿನ ದಿನವೇ ಹೇಳಿಬಿಡಿ.

ಹಿರಿಯರಿಗೆ ಹೇಳಿ, ಆಟ ಮಕ್ಕಳ ಹಕ್ಕು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯಲ್ಲೇ ಅದಿದೆ, ಭಾರತ 1992ರಲ್ಲಿ ಅದಕ್ಕೆ ಒಪ್ಪಿದೆ. ಆದರೆ ವಾದಕ್ಕಿಂತ ಅವರನ್ನೇ ಆಟದ ಪಂಚರನ್ನಾಗಿ ಕೂರಿಸೋದು ಬೇಗ ಕೆಲಸ ಮಾಡುತ್ತೆ.

ಹುಣಸೆಬೀಜ:
ಖರ್ಚಿಲ್ಲದ್ದು ಚೌಕಾಬಾರ. ಅಡ್ಡ 5, ಉದ್ದ 5, ಒಟ್ಟು 25 ಮನೆ. ನಾಲ್ಕು ಬದಿಯ ನಡುವಿನ ಮನೆಗೂ, ಮಧ್ಯದ ಮನೆಗೂ ಕತ್ತರಿ ಗುರುತು. ಸೀಮೆಸುಣ್ಣದಲ್ಲಿ ಬರೆದ್ರೆ ಒದ್ದೆ ಕಾಲಿಗೆ ಅಳಿಸಿ, ಕಾಯಿ ಎಲ್ಲಿತ್ತು ಅಂತ ಜಗಳ ಆಗುತ್ತೆ. ಖಾಲಿ ಅಕ್ಕಿ ಚೀಲ ಬಿಚ್ಚಿ, ಒಳಮೈ ಮೇಲೆ ಮಾರ್ಕರ್‌ನಿಂದ ಬರೀರಿ. ಊಟದ ಹೊತ್ತಿಗೆ ಸುತ್ತಿಡಬಹುದು.

ಕವಡೆ ಬದಲು ನಾಲ್ಕು ಹುಣಸೆಬೀಜ. ಒಂದೇ ಗಾತ್ರದವು ಆರಿಸಿ, ಒಂದು ಬದಿ ಮಾತ್ರ ಒರಟು ಕಲ್ಲಿಗೆ ನೀರು ಹಾಕಿ ಉಜ್ಜಿ. ಕಂದು ಸಿಪ್ಪೆ ಹೋಗಿ ಬಿಳಿ ಕಾಣಬೇಕು. ಒಂದನ್ನು ಜಾಸ್ತಿ, ಇನ್ನೊಂದನ್ನು ಕಮ್ಮಿ ಉಜ್ಜಿದ್ರೆ ಬೀಜ ಒಂದೇ ಕಡೆ ಬೀಳೋಕೆ ಶುರು ಮಾಡುತ್ತೆ. ಬಿಳಿ ಎಷ್ಟು ಬಿತ್ತೋ ಅಷ್ಟು ಲೆಕ್ಕ. ನಾಲ್ಕೂ ಬಿಳಿ ಬಿದ್ರೆ ಚೌಕ, ಒಂದೂ ಬೀಳದಿದ್ರೆ ಬಾರ, ಅಂದ್ರೆ 8. ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಬೀಜ ಸಮ ಇದ್ರೆ 16 ಸಲಕ್ಕೆ ಸರಾಸರಿ ಒಂದು ಬಾರ. ಮೇಲಿಂದ ಮೇಲೆ ಬೀಳ್ತಿದ್ರೆ ಬೀಜ ಬದಲಾಯಿಸಿ.

ಒಬ್ಬೊಬ್ಬರಿಗೆ ನಾಲ್ಕು ಕಾಯಿ ಕೊಟ್ರೆ ಆಟ ಮುಗಿಯೋ ಮೊದಲೇ ಊಟದ ಗಂಟೆ ಹೊಡೆಯುತ್ತೆ, ಎರಡು ಸಾಕು. ಎದುರಾಳಿಯ ಕಾಯಿ ಹೊಡೆದ ಮೇಲೇ ಒಳಸುತ್ತಿಗೆ ಹೋಗಬೇಕು ಅನ್ನೋ ನಿಯಮ ಚಿಕ್ಕವರಿಗೆ ಬೇಡ. ಕತ್ತರಿ ಮನೆಯಲ್ಲಿರೋ ಕಾಯಿಯನ್ನು ಹೊಡೆಯೋ ಹಾಗಿಲ್ಲ.

ಈ ಆಟವನ್ನೇ ಯಾಕೆ ಹೇಳ್ತೀನಿ ಅಂದ್ರೆ, ಹೊಡೆತ ತಿಂದ ಕಾಯಿ ತನ್ನ ಮನೆಗೆ ಬಂದು ಅಲ್ಲಿಂದ ಮತ್ತೆ ಹೊರಡುತ್ತೆ, ಮಗು ಆಟದಲ್ಲೇ ಇರುತ್ತೆ. ಕುರ್ಚಿ ಆಟ ದಯವಿಟ್ಟು ಬೇಡ. ಸುತ್ತಿಗೊಂದು ಜಾಗ ಕಮ್ಮಿ ಮಾಡಿ ಒಬ್ಬರನ್ನು ಹೊರಗೆ ಹಾಕೋ ಆಟವನ್ನು ಮನೆ ಕಳಕೊಂಡ ಮಕ್ಕಳಿಗೆ ಆಡಿಸಬಾರದು.

ಆಟಿಮಳೆ:
ಚೆನ್ನೆಮಣೆಯನ್ನೂ ಸೇರಿಸಿಕೊಳ್ಳಿ. ಆಳಗುಳಿ ಮಣೆ ಅಂತಲೂ ಅಂತಾರೆ. ನಮ್ಮ ತುಳುನಾಡಲ್ಲಿ ಅದು ಆಟಿ ತಿಂಗಳ ಆಟ. ಜಡಿಮಳೆ, ಗದ್ದೆ ಕೆಲಸ ಇಲ್ಲ, ಮನೆಯಲ್ಲಿ ಅಕ್ಕಿಗೂ ತತ್ವಾರ, ಅಂಥ ದಿನಗಳಲ್ಲೇ ಮಣೆ ಹೊರಗೆ ಬರ್ತಿತ್ತು. ಮಣೆ ಇಲ್ಲದಿದ್ರೆ ನೆಲದ ಮೇಲೆ ಏಳೇಳು ವೃತ್ತದ ಎರಡು ಸಾಲು ಸಾಕು, ಮನೆಗೆ 4ರಂತೆ 56 ಬೀಜ. ನಿಯಮ ಊರಿಗೊಂದು, ಅಲ್ಲಿರೋ ಅಜ್ಜಿಯಂದಿರನ್ನೇ ಕೇಳಿ.

ಒಂದು ಎಚ್ಚರಿಕೆ: ಗುಲಗಂಜಿ ಬಳಸಲೇಬೇಡಿ. ಕೆಂಪಿಗೆ ಕಪ್ಪು ಚುಕ್ಕೆ ಇರೋ ಬೀಜ ಅದು. ಅಗಿದು ನುಂಗಿದ್ರೆ ಜೀವಕ್ಕೇ ಅಪಾಯ. ಇನ್ನು ಐದು ವರ್ಷದ ಒಳಗಿನವರ ಕೈಗೆ ಯಾವ ಬೀಜವೂ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಅವರಿಗೆ ಬಟ್ಟೆ ಚೆಂಡು, ಖಾಲಿ ಡಬ್ಬಿ.

ಹೊಳೆದಂಡೆ:
ತುಂಬಾ ಉಪಕಾರ ಆಯ್ತು. 12 ದಾಟಿದ ಹುಡುಗರು ಮಾತ್ರ ಗೋಡೆಗೆ ಒರಗಿ ನಿಲ್ತಾರೆ, ಹತ್ತಿರಕ್ಕೂ ಬರಲ್ಲ.

ಅಂಗಳದಾಟ:
ಅವರಿಗೆ ಆಟಕ್ಕಿಂತ ಮೊದಲು ಕೆಲಸ ಕೊಡಿ. ಚೀಲದ ಮೇಲೆ ಮನೆ ಬರೆಯೋದು, ಬೀಜ ಉಜ್ಜೋದು, ಚಿಕ್ಕವರ ಜಗಳಕ್ಕೆ ತೀರ್ಪು ಹೇಳೋದು. ಆಮೇಲೆ ವರಾಂಡದಲ್ಲಿ ಲಗೋರಿ. ಹಂಚಿನ ಚೂರು ಬೇಡ, ಅಂಚು ಕೈ ಕುಯ್ಯುತ್ತೆ. ರಟ್ಟು ಮಡಚಿ ದಾರ ಸುತ್ತಿದ ಏಳು ಬಿಲ್ಲೆ ಮಾಡಿಸಿ. ಬಟ್ಟೆ ಚೆಂಡು ಒದ್ದೆಯಾದ್ರೆ ಕಲ್ಲಿನಷ್ಟು ಭಾರ ಆಗುತ್ತೆ, ಎರಡು ಮಾಡಿಟ್ಟು ಒಂದನ್ನು ಒಣಗಿಸ್ತಾ ಇರಿ. ಕಬಡ್ಡಿ ಸಿಮೆಂಟ್ ನೆಲದ ಮೇಲೆ ಬೇಡ.

ಬಲವಂತ ಮಾಡಬೇಡಿ, ನೋಡ್ತಾ ನಿಂತಿರೋದೂ ಸೇರಿಕೊಂಡ ಹಾಗೆಯೇ. ಆದರೆ ಯಾವ ಮಗುವಾದ್ರೂ ಊಟ, ನಿದ್ದೆ, ಮಾತು ಬಿಟ್ಟು ಕೂತಿದ್ರೆ ಅದು ಆಟದಿಂದ ಸರಿಹೋಗೋ ವಿಷಯ ಅಲ್ಲ. ಕೇಂದ್ರಕ್ಕೆ ಬರೋ ವೈದ್ಯರಿಗೆ ತೋರಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರ್ತಾರೆ, ಕನ್ನಡದಲ್ಲೇ ಮಾತಾಡಬಹುದು.